ಸೋರುವ ಸೂರು ಯಾರ ಹೊಣೆ?

ಮೂಡಿಗೆರೆ, ಕಳಸದ ಕಡೆ ಮನೆಯ ಆಯಸ್ಸನ್ನು ಅಳೆಯುವುದು ಮಳೆಗಾಲಗಳ ಲೆಕ್ಕದಲ್ಲಿ. ಮುಂಗಾರಿಗೆ ಮುಂಚೆ ಮಾಡು ಹತ್ತಿ ಒಡೆದ ಹಂಚು ಬದಲಿಸಬೇಕು, ಮನೆಯ ಹಿಂದಿನ ಧರೆಯ ಬುಡದಲ್ಲಿ ಚರಂಡಿ ಬಿಡಿಸಬೇಕು. ಸ್ವಂತ ಮನೆಯಾದರೆ ಇದರಲ್ಲಿ ತಕರಾರಿಲ್ಲ. ಮನೆ ಒಬ್ಬರದು, ವಾಸ ಇನ್ನೊಬ್ಬರದು ಎಂದಾದಾಗ ಪ್ರಶ್ನೆ ಏಳುತ್ತದೆ: ಗೋಡೆ ಕುಸಿದರೆ ನಷ್ಟ ಯಾರ ತಲೆಗೆ?

ಇಂಥದೇ ಪ್ರಶ್ನೆಯನ್ನು ಕರ್ನಾಟಕದ ಧರ್ಮಶಾಸ್ತ್ರಜ್ಞನೊಬ್ಬ ಒಂಬೈನೂರು ವರ್ಷಗಳ ಹಿಂದೆಯೇ ಚರ್ಚಿಸಿದ್ದ. ಆತ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ವಿಜ್ಞಾನೇಶ್ವರ. ಯಾಜ್ಞವಲ್ಕ್ಯ ಸ್ಮೃತಿಗೆ ಆತ ಬರೆದ ಸಂಸ್ಕೃತ ವ್ಯಾಖ್ಯಾನವೇ 'ಮಿತಾಕ್ಷರ'. ಆ ಸ್ಮೃತಿಯಲ್ಲಿ ಸಾಲಕ್ಕೆ ಇಡುವ ಒತ್ತೆ ಎರಡು ಬಗೆ. ಕೇವಲ ಕಾಪಾಡಬೇಕಾದದ್ದು ಗೋಪ್ಯ, ಬಳಸಿ ಅನುಭವಿಸಬಹುದಾದದ್ದು ಭೋಗ್ಯ. ಒತ್ತೆಯ ವಸ್ತು ಕೆಟ್ಟರೆ ಅಥವಾ ಹಾಳಾದರೆ, ಇಟ್ಟುಕೊಂಡವನೇ ಅದನ್ನು ತುಂಬಿಕೊಡಬೇಕು. ಇದಕ್ಕೆ ಎರಡೇ ವಿನಾಯಿತಿ: ದೈವದಿಂದ ಆದ ಹಾನಿ ಮತ್ತು ರಾಜನಿಂದ ಆದ ಹಾನಿ. ಮುಂಗಡವಾಗಿ ದೊಡ್ಡ ಮೊತ್ತ ಕೊಟ್ಟು, ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಹಣ ಹಿಂಪಡೆಯುವ ಪದ್ಧತಿಯನ್ನು ನಮ್ಮ ಜನ ಇಂದಿಗೂ ಭೋಗ್ಯವೆಂದೇ ಕರೆಯುತ್ತಾರೆ.

ಬ್ರಿಟಿಷರ ಕಾಲದ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮು ಬಾಡಿಗೆಯ ವಿಷಯದಲ್ಲಿ ಹೆಚ್ಚುಕಡಿಮೆ ಇದೇ ಗೆರೆ ಎಳೆಯಿತು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು. ಬಳಕೆಯ ಸಹಜ ಸವೆತ ಮತ್ತು ತಡೆಯಲಾಗದ ಶಕ್ತಿಯಿಂದಾದ ಹಾನಿ ಮಾತ್ರ ಇದಕ್ಕೆ ಹೊರತು. ಬೆಂಕಿ, ಬಿರುಗಾಳಿ, ನೆರೆ, ಸೈನ್ಯ ಅಥವಾ ಗುಂಪಿನ ಹಾವಳಿಯಿಂದ ಸ್ವತ್ತಿನ ಮುಖ್ಯ ಭಾಗ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ, ಬಾಡಿಗೆದಾರ ಕರಾರನ್ನೇ ಕೈಬಿಡಬಹುದು. ತಪ್ಪು ಅವನದೇ ಆಗಿದ್ದರೆ ಆ ಹಕ್ಕಿಲ್ಲ. ಹಳೆಯ ದೈವ ಮತ್ತು ರಾಜ ಇಲ್ಲಿ ಬೇರೆ ಹೆಸರಿನಲ್ಲಿ ಬಂದಿದ್ದಾರೆ.

ಕಾಫಿ ತೋಟಗಳ ಲೈನ್ ಮನೆಗಳದು ಇನ್ನೂ ಸೂಕ್ಷ್ಮವಾದ ಸಂಗತಿ. ಅಲ್ಲಿ ಮನೆ ಕೊಡುವವನೇ ಕೆಲಸವನ್ನೂ ಕೊಡುವವನು. 1951ರ ತೋಟ ಕಾರ್ಮಿಕರ ಕಾಯಿದೆ ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. 1981ರ ತಿದ್ದುಪಡಿ ಒಂದು ಹೆಜ್ಜೆ ಮುಂದೆ ಹೋಯಿತು. ಅಂಥ ಮನೆ ಕುಸಿದು ಕಾರ್ಮಿಕ ಅಥವಾ ಅವನ ಕುಟುಂಬದವರು ಸತ್ತರೆ, ಗಾಯಗೊಂಡರೆ ಮಾಲೀಕ ಪರಿಹಾರ ಕೊಡಬೇಕು ಎಂದಿತು. ವಿನಾಯಿತಿ ಮತ್ತೆ ಅವೇ: ವಾಸವಿದ್ದವರ ತಪ್ಪು, ಇಲ್ಲವೇ ಪ್ರಕೃತಿ ವಿಕೋಪ.

ಕಾಗದದ ಮೇಲೆ ಸ್ಪಷ್ಟವಾಗಿರುವ ಈ ಗೆರೆ ಮಲೆನಾಡಿನ ಮಳೆಯಲ್ಲಿ ಅಳಿಸಿಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ತೋಟಗಳು ಹಾಳಾದವು. ಇಡೀ ಗುಡ್ಡವೇ ಇಳಿದು ಬಂದಾಗ ಯಾರನ್ನು ದೂರುವುದು? ಆದರೆ ಎಲ್ಲ ಕುಸಿತವೂ ಹಾಗಲ್ಲ. ಚರಂಡಿ ಕಟ್ಟಿ ನೀರು ನಿಂತು ಗೋಡೆ ನೆನೆದು ಬಿದ್ದರೆ, ಅದರಲ್ಲಿ ಮಳೆಯ ಪಾಲೆಷ್ಟು, ಅಲಕ್ಷ್ಯದ ಪಾಲೆಷ್ಟು? ಬಿದ್ದ ಮೇಲೆ ಮಳೆಯನ್ನು ದೂರುವುದು ಸುಲಭ. ಆ ಮಾತಿಗೆ ಬೆಲೆ ತೆರುವವರು ಬಹುಪಾಲು ಒಳಗೆ ವಾಸವಿದ್ದವರು.

ತೋಟದ ಮನೆಗಳು ಈಗ ಹೋಂಸ್ಟೇಗಳಾಗಿ ಪ್ರವಾಸಿಗರಿಗೂ ತೆರೆದಿವೆ. ಎರಡು ದಿನ ತಂಗುವ ಅತಿಥಿ ಬಾಡಿಗೆದಾರನಲ್ಲ. ಒಡೆದ ಸಾಮಾನಿನ ಲೆಕ್ಕ ಮೊದಲೇ ಆಡಿಕೊಂಡ ಮಾತಿನ ಮೇಲೆ ನಿಲ್ಲುತ್ತದೆ. 2021ರ ಏಪ್ರಿಲ್‌ನಿಂದ ದೇಶದಾದ್ಯಂತ ಒಂದೇ ಮಾದರಿಯಲ್ಲಿ ಜಾರಿಗೆ ಬಂದ 'ಭಾರತ್ ಗೃಹ ರಕ್ಷಾ' ವಿಮೆ ಬೆಂಕಿ, ನೆರೆಗಳ ಜೊತೆಗೆ ಭೂಕುಸಿತದ ಹಾನಿಯನ್ನೂ ಒಳಗೊಂಡಿದೆ. ಅದು ವಾಸದ ಮನೆಗೆಂದು ರೂಪಿಸಿದ ವಿಮೆಯಾದ್ದರಿಂದ, ಹೋಂಸ್ಟೇ ನಡೆಸುವವರು ಮನೆಯ ಬಳಕೆ ಏನೆಂಬುದನ್ನು ವಿಮಾ ಕಂಪನಿಗೆ ಮರೆಮಾಚದೆ ತಿಳಿಸಬೇಕಾಗುತ್ತದೆ.

ವಿಮೆ ನಷ್ಟ ತುಂಬಬಹುದು, ತಪ್ಪು ಯಾರದೆಂಬ ಜಗಳವನ್ನು ಬಿಡಿಸಲಾರದು. ಅದಕ್ಕೆ ಬೇಕಾದ ಸಾಕ್ಷಿ ಮಳೆಗೆ ಮುಂಚೆಯೇ ಸಿದ್ಧವಾಗಬೇಕು: ಮನೆ ಒಪ್ಪಿಸುವ ದಿನದ ಚಿತ್ರಗಳು, ಮಾಡು, ಚರಂಡಿ, ಧರೆಯ ದುರಸ್ತಿ ಯಾರದೆಂದು ಬರೆದ ಕರಾರು, ಸೋರಿಕೆ ಕಂಡ ದಿನವೇ ಕೊಟ್ಟ ಲಿಖಿತ ಸೂಚನೆ. ಹಂಚು ಬದಲಿಸಿ ಚರಂಡಿ ಬಿಡಿಸಿದವನು ಮಾತ್ರ ಮಿಕ್ಕದ್ದು ದೈವದ ಪಾಲು ಎಂದು ಹೇಳಬಲ್ಲ.