ವಾರದ ಬಿಡುವು: ಸಬ್ಬತ್ ಮತ್ತು ನಮ್ಮ ಸೋಮವಾರ

ಸಬ್ಬತ್ ಎಂಬುದು ಹೀಬ್ರೂ ಮೂಲದ ಪದ. ಕೆಲಸವನ್ನು ನಿಲ್ಲಿಸುವುದು, ವಿರಮಿಸುವುದು ಎಂದು ಅದರ ಅರ್ಥ. ಯೆಹೂದ್ಯರು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರಗಳು ಮೂಡುವವರೆಗೆ ಇದನ್ನು ಆಚರಿಸುತ್ತಾರೆ. ಕ್ರೈಸ್ತರಲ್ಲಿ ಬಹುತೇಕರು ಯೇಸುವಿನ ಪುನರುತ್ಥಾನದ ದಿನವಾದ ಭಾನುವಾರವನ್ನು ಆರಾಧನೆಗೆ ಮೀಸಲಿಟ್ಟಿದ್ದಾರೆ.

ಈ ವಿಶ್ರಾಂತಿಗೆ ಬೈಬಲ್ಲಿನ ಹಳೆಯ ಒಡಂಬಡಿಕೆ ಎರಡು ಕಾರಣಗಳನ್ನು ನೀಡುತ್ತದೆ. ದೇವರು ಆರು ದಿನ ಸೃಷ್ಟಿಕಾರ್ಯ ನಡೆಸಿ ಏಳನೆಯ ದಿನ ವಿರಮಿಸಿದನೆಂಬುದು ವಿಮೋಚನಕಾಂಡದ ಕಾರಣ. ಈಜಿಪ್ಟಿನಲ್ಲಿ ದಾಸರಾಗಿದ್ದವರು ತಮ್ಮ ಬಿಡುಗಡೆಯನ್ನು ಮರೆಯಬಾರದೆಂಬುದು ಧರ್ಮೋಪದೇಶಕಾಂಡದ ಕಾರಣ. ಆದುದರಿಂದಲೇ ಯಜಮಾನನಿಗೆ ಮಾತ್ರವಲ್ಲದೆ ಆಳುಕಾಳುಗಳಿಗೆ, ಎತ್ತು ಕತ್ತೆಗಳಿಗೆ ಕೂಡ ಅಂದು ಬಿಡುವು ವಿಧಿಸಲಾಗಿದೆ.

ಈ ಭಾವ ಕನ್ನಡನಾಡಿಗೆ ಹೊಸತಲ್ಲ. ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಸೋಮವಾರದಂದು ಎತ್ತುಗಳ ಹೆಗಲಿಗೆ ನೊಗವಿಡದಿರುವುದು ಹಿರಿಯರಿಂದ ಬಂದ ರೂಢಿ. ಸೋಮವಾರ ಶಿವನ ವಾರ. ಎತ್ತು ಶಿವನ ವಾಹನವಾದ ಬಸವಣ್ಣ. ಅಂದು ಎತ್ತುಗಳ ಮೈ ತೊಳೆದು ಪೂಜಿಸುವ ಮನೆಗಳೂ ಉಂಟು. ಕಾಯಕವನ್ನೇ ಪೂಜೆಯೆಂದು ಬಗೆದ ನಾಡಿನಲ್ಲಿ, ದುಡಿಯುವ ಜೀವಕ್ಕೆ ಬಿಡುವು ಕೊಡುವುದೂ ಪೂಜೆಯೇ ಆಯಿತು. ಉಳುಮೆಯ ಹದ ತಪ್ಪುವ ಆತಂಕವಿದ್ದಾಗಲೂ ಈ ನಿಯಮ ಪಾಲಿಸುವುದು ರೈತನಿಗೆ ಸುಲಭವಲ್ಲ. ತನ್ನ ಲಾಭಕ್ಕೆ ತಾನೇ ಮಿತಿ ಹಾಕಿಕೊಳ್ಳುವುದರಲ್ಲಿಯೇ ಈ ವ್ರತದ ಆಧ್ಯಾತ್ಮಿಕ ತಿರುಳಿದೆ.

ಕಾರ್ಮಿಕರಿಗಾದರೋ ಬಿಡುವು ಹೋರಾಟದಿಂದ ದಕ್ಕಿತು. ಜೋತಿಬಾ ಫುಲೆಯವರ ಸಹವರ್ತಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ನಡೆಸಿದ ಪ್ರಯತ್ನದಿಂದ 1890ರ ಜೂನ್ 10ರಂದು ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಮಂಜೂರಾಯಿತು. 1948ರ ಕಾರ್ಖಾನೆ ಕಾಯ್ದೆ ವಾರದ ರಜೆಯನ್ನು ಸ್ವತಂತ್ರ ಭಾರತದ ಕಾರ್ಖಾನೆಗಳಲ್ಲಿ ಕಡ್ಡಾಯಗೊಳಿಸಿತು. ಬ್ಯಾಂಕ್ ನೌಕರರಾದ ನಮಗೆ 2015ರ ಸೆಪ್ಟೆಂಬರ್‌ನಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರವೂ ದೊರೆಯಿತು.

ಆದರೆ ನಮ್ಮ ಭಾನುವಾರದ ನೆಮ್ಮದಿ ಬಹುಮಟ್ಟಿಗೆ ಅನ್ಯರ ದುಡಿಮೆಯ ಮೇಲೆ ನಿಂತಿದೆ. ಮಿಯಾಪುರದಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರಿಗೆ, ಅಡುಗೆಯವರಿಗೆ, ಅಪಾರ್ಟ್‌ಮೆಂಟಿನ ಕಾವಲುಗಾರರಿಗೆ ವಾರದ ಬಿಡುವು ಉಂಟೇ? ಮನೆಗೆಲಸದವರಿಗೆ ವಾರಕ್ಕೊಮ್ಮೆ ಸತತ 24 ಗಂಟೆಗಳ ವಿಶ್ರಾಂತಿ ಸಿಗಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರ ಒಡಂಬಡಿಕೆಯಲ್ಲಿ ಹೇಳಿದೆ. ರಜೆಯ ದಿನವೇ ಅತಿಥಿಗಳೂ ಅಡುಗೆಯೂ ಹೆಚ್ಚುವ ನಮ್ಮ ಮನೆಗಳಲ್ಲಿ ಗೃಹಿಣಿಗೂ ಬಿಡುವು ಅಪರೂಪವೇ.

ಆಚರಣೆಗೆ ದೊಡ್ಡ ಏರ್ಪಾಡು ಬೇಕಿಲ್ಲ. ಕೆಲಸದವರಿಗೆ ಸಂಬಳ ಕಡಿತವಿಲ್ಲದೆ ವಾರಕ್ಕೊಂದು ದಿನ ರಜೆ ಕೊಡೋಣ. ಅಂದು ಮನೆಯವರೆಲ್ಲರೂ ಕೆಲಸ ಹಂಚಿಕೊಂಡು, ಒಂದೇ ಬಗೆಯ ಅಡುಗೆಯಲ್ಲಿ ತೃಪ್ತರಾಗೋಣ. ಎತ್ತಿಗೆ ಸೋಮವಾರ ಬಿಟ್ಟುಕೊಟ್ಟ ಹಿರಿಯರ ಮಕ್ಕಳಾದ ನಮಗೆ ಇಷ್ಟು ಅಸಾಧ್ಯವೇನಲ್ಲ.