ಪೂರ್ತಿ ಅಂಗಿ ಕಲಿತ ನೂರಾ ಮೂವತ್ತು ಜನ

ಮೊನ್ನೆ ಒಂದು ಅಂಗಿ ತಂದೆ. ಕಾಲರಿನ ಒಳಗಿನ ಚೀಟಿ ನೋಡಿದರೆ ಬಾಂಗ್ಲಾದೇಶದ್ದು. ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮ ಕಾಲರನ್ನು ತಿರುವಿ ನೋಡಿ "ಹೊಲಿಗೆ ಚೆನ್ನಾಗಿದೆ ಕಣೋ" ಅಂದಳು. ಅವಳು ಹೇಳಿದ ಮೇಲೆ ಮುಗೀತು. ಬೆಂಗಳೂರಿನ ಒಂದು ಗಾರ್ಮೆಂಟ್ಸಿನಲ್ಲಿ ಹದಿನಾಲ್ಕು ವರ್ಷ ಅವಳು ಹೊಲಿದದ್ದು ಬರೀ ಕಾಲರು. "ಪೂರ್ತಿ ಅಂಗಿ ಹೊಲಿ ಅಂದ್ರೆ ನಂಗೆ ಈಗ್ಲೂ ಬರಲ್ಲ" ಅಂತ ನಗುತ್ತಾಳೆ.

ಈ ಮಾತು ಕೇಳಿದಾಗಲೆಲ್ಲ ನನಗೆ 130 ಜನರ ಕಥೆಯೊಂದು ನೆನಪಾಗುತ್ತದೆ.

1974ರಲ್ಲಿ ಮಲ್ಟಿ ಫೈಬರ್ ಅರೇಂಜ್‌ಮೆಂಟ್ ಎಂಬ ಒಪ್ಪಂದ ಜಾರಿಗೆ ಬಂತು. ಬಡ ದೇಶಗಳ ಅಗ್ಗದ ಬಟ್ಟೆಯಿಂದ ತಮ್ಮ ಗಿರಣಿಗಳನ್ನು ಉಳಿಸಿಕೊಳ್ಳಲು ಶ್ರೀಮಂತ ದೇಶಗಳು ಒಂದೊಂದು ದೇಶಕ್ಕೂ ಇಷ್ಟೇ ಎಂದು ಕೋಟಾ ಕಟ್ಟಿದವು. ದಕ್ಷಿಣ ಕೊರಿಯಾದ ದೇವೂ ಕಂಪನಿಗೆ ಇಕ್ಕಟ್ಟಾಯ್ತು. ಗಿರಾಕಿಗಳಿದ್ದಾರೆ, ಕೆಲಸ ಗೊತ್ತಿದೆ, ಆದರೆ ಕೋಟಾ ಅಡ್ಡ. ಆಗ ಅವರ ಕಣ್ಣಿಗೆ ಬಿದ್ದದ್ದು ಬಾಂಗ್ಲಾದೇಶ. ಹೆಚ್ಚುಕಮ್ಮಿ ಏನನ್ನೂ ಹೊಲಿದು ಕಳಿಸದ ದೇಶಕ್ಕೆ ಕೋಟಾ ಯಾರು ಹಾಕುತ್ತಾರೆ? ಬಡತನವೇ ಅರ್ಹತೆಯಾಯಿತು!

ಅಲ್ಲಿ ನೂರುಲ್ ಕಾದರ್ ಅಂತ ಒಬ್ಬರಿದ್ದರು. 1971ರ ವಿಮೋಚನಾ ಯುದ್ಧಕ್ಕೆ ಧುಮುಕಿದ್ದ ಸರ್ಕಾರಿ ಅಧಿಕಾರಿ. ಚಿತ್ತಗಾಂಗಿನಲ್ಲಿ 'ದೇಶ್ ಗಾರ್ಮೆಂಟ್ಸ್' ಕಟ್ಟಿ, ದೇವೂ ಜೊತೆ ಕೈಜೋಡಿಸಿ, 1979ರಲ್ಲಿ 130 ಜನರನ್ನು ತರಬೇತಿಗೆಂದು ಕೊರಿಯಾದ ಬುಸಾನ್‌ಗೆ ಕಳಿಸಿದರು. ಅವರು ಕಲಿತದ್ದು ಬರೀ ಹೊಲಿಗೆಯಲ್ಲ. ಸಾಲು ಹೇಗೆ ನಡೆಸಬೇಕು, ಗುಣಮಟ್ಟ ಹೇಗೆ ನೋಡಬೇಕು, ಹೊರದೇಶದವರಿಗೆ ಮಾಲು ಹೇಗೆ ಮಾರಬೇಕು... ಅಂದರೆ ಪೂರ್ತಿ ಅಂಗಿ.

1980ರಲ್ಲಿ ಕಾರ್ಖಾನೆ ಶುರುವಾಯ್ತು. ಮೊದಲ ವರ್ಷ ಸುಮಾರು 43 ಸಾವಿರ ಅಂಗಿ, 1987ರ ಹೊತ್ತಿಗೆ ಸುಮಾರು 23 ಲಕ್ಷ. ಆದರೆ ನಿಜವಾದ ಬೆಳೆ ಬಂದದ್ದು ಬೇರೆ ಕಡೆ. ಆ 130ರಲ್ಲಿ 115 ಜನ 80ರ ದಶಕದಲ್ಲೇ ದೇಶ್ ಬಿಟ್ಟರು. ಕೆಲವರು ತಮ್ಮದೇ ಕಾರ್ಖಾನೆ ಹಾಕಿದರು, ಕೆಲವರು ಹೊಸಬರ ಕಾರ್ಖಾನೆ ನಿಲ್ಲಿಸಿಕೊಟ್ಟರು. ಸರ್ಕಾರವೂ ದಾರಿ ಮಾಡಿತು. ರಫ್ತಿನ ಬಟ್ಟೆಗೆ ಸುಂಕ ಬಿಟ್ಟಿತು. ವಿದೇಶಿ ಗಿರಾಕಿಯ ಸಾಖಪತ್ರವನ್ನೇ ಆಧಾರವಾಗಿಟ್ಟು ಬಟ್ಟೆ ತರಿಸಲು ಬ್ಯಾಂಕು ಇನ್ನೊಂದು ಸಾಖಪತ್ರ ಕೊಡತೊಡಗಿತು. ಕೈಯಲ್ಲಿ ದುಡ್ಡಿಲ್ಲದವನೂ ಕಾರ್ಖಾನೆ ನಡೆಸಬಹುದಾಯ್ತು. 1985ರಲ್ಲಿ ಅಮೆರಿಕ ಬಾಂಗ್ಲಾದೇಶಕ್ಕೂ ಕೋಟಾ ಹಾಕಿತು. ಅಷ್ಟರಲ್ಲಿ ವಿದ್ಯೆ ಊರೆಲ್ಲ ಹರಡಿತ್ತು. 2005ರ ಜನವರಿ 1ಕ್ಕೆ ಕೋಟಾ ಪೂರ್ತಿ ರದ್ದಾದಾಗ, ಚೀನಾ ಎಲ್ಲವನ್ನೂ ನುಂಗುತ್ತದೆ ಅಂದವರು ಬಹಳ. ನುಂಗಲಿಲ್ಲ.

ಅರ್ಥಶಾಸ್ತ್ರದವರು ಇದನ್ನು ಜಾಗತಿಕ ಮೌಲ್ಯ ಸರಪಳಿಯಲ್ಲಿ ಮೇಲೇರುವುದು ಅನ್ನುತ್ತಾರೆ. ಒಪ್ಪೋಣ. ಆದರೆ ಎಷ್ಟು ಮೆಟ್ಟಿಲು? 60ರ ದಶಕದಲ್ಲಿ ಅಂಗಿ ಹೊಲಿಯುತ್ತಿದ್ದ ಕೊರಿಯಾ ಹಡಗು, ಕಾರು, ಚಿಪ್ಪುಗಳಿಗೆ ಏರಿತು. ಬಾಂಗ್ಲಾದೇಶ ಟೀ ಶರ್ಟಿನ ಹೆಣಿಗೆ ಬಟ್ಟೆಯನ್ನು, ಅದರ ನೂಲನ್ನು ಬಹುಪಾಲು ತಾನೇ ಮಾಡಿಕೊಳ್ಳಲು ಕಲಿಯಿತು. ಅದು ದೊಡ್ಡ ಮೆಟ್ಟಿಲೇ. ಆದರೆ ನೇಯ್ದ ಬಟ್ಟೆ ಬಹಳಷ್ಟು ಹೊರಗಿನದು. ವಿನ್ಯಾಸ, ಬ್ರಾಂಡು, ಬೆಲೆ ತೀರ್ಮಾನವಾಗುವುದು ಹೆಚ್ಚಾಗಿ ಹೊರಗೇ.

ಮತ್ತೆ, ಏರಿದ್ದು ಯಾರು? ಮಿಷಿನ್ ಮುಂದೆ ಕೂತವರು ಹೆಚ್ಚಾಗಿ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು. 2013ರ ಏಪ್ರಿಲ್ 23ರಂದು ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾದ ಗೋಡೆ ಬಿರುಕು ಬಿಟ್ಟಿತು. ಮಾರನೇ ಬೆಳಿಗ್ಗೆ ಅವರನ್ನು ಮತ್ತೆ ಒಳಗೆ ಕಳಿಸಿದರು. 1,100ಕ್ಕೂ ಹೆಚ್ಚು ಜನ ಸತ್ತರು. ಬಿರುಕು ಕಂಡಿತ್ತು, ಆದರೆ ಬರುವುದಿಲ್ಲ ಅನ್ನುವ ಅಧಿಕಾರ ಅವರಿಗಿರಲಿಲ್ಲ.

130 ಜನಕ್ಕೆ ಪೂರ್ತಿ ಅಂಗಿ ಕಲಿಸಿದ್ದಕ್ಕೆ ಒಂದು ದೇಶದ ಕಥೆಯೇ ಬದಲಾಯಿತು. ಮಿಕ್ಕ ಲಕ್ಷಾಂತರ ಜನಕ್ಕೆ ಕಲಿಸಿದ್ದು ಕಾಲರು ಅಥವಾ ತೋಳು ಮಾತ್ರ. ಅಲ್ಲೂ, ಇಲ್ಲೂ.

ಇದನ್ನೆಲ್ಲ ಹೇಳಿದೆ. ಚಿಕ್ಕಮ್ಮ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಅಂಗಿಯನ್ನು ಮತ್ತೆ ತಿರುವಿ, "ಈ ಗುಂಡಿ ಸಡಿಲ ಇದೆ, ಸೂಜಿ ದಾರ ಕೊಡು" ಅಂದಳು.