ಕೊಳೆಯದ ಉರುಲು

ಕೊಡಗಿನ ಬೇಟೆ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಕೋವಿ. 1861ರಲ್ಲಿ ಬ್ರಿಟಿಷರು ಕೊಡವರಿಗೆ ಆಯುಧ ಕಾಯ್ದೆಯಿಂದ ಕೊಟ್ಟ ವಿನಾಯಿತಿ, ಅದನ್ನ 2019ರಲ್ಲಿ ಕೇಂದ್ರ ಸರ್ಕಾರ 2029ರ ತನಕ ಮುಂದುವರಿಸಿದ್ದು, ಕೈಲ್ ಪೊಳ್ದ್ ದಿನದ ಕೋವಿ ಪೂಜೆ... ಇದರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಕೋವಿಗಿಂತ ಹಳೆಯದಾದ, ಸದ್ದೇ ಮಾಡದ ಇನ್ನೊಂದು ಸಾಧನ ಇದೆ. ಉರುಲು. ಅದರ ಇತಿಹಾಸ ಕೇಳೋರು ಕಡಿಮೆ.

ಉರುಲಿನಲ್ಲಿ ಇರೋದು ಎರಡೇ ಭಾಗ. ಒಂದು ಕುಣಿಕೆ, ಇನ್ನೊಂದು ಅದನ್ನ ಗೂಟಕ್ಕೋ ಮರದ ಬುಡಕ್ಕೋ ಬಿಗಿದ ಕಟ್ಟು. ಪ್ರಾಣಿ ಎಳೆದಷ್ಟೂ ಕುಣಿಕೆ ಬಿಗಿಯುತ್ತೆ. ಕಟ್ಟು ತಡೆದರೆ ಪ್ರಾಣಿ ಸಿಕ್ಕಿತು, ಹರಿದರೆ ಪ್ರಾಣಿ ಬದುಕಿತು. ಹಾಗಾಗಿ ಉರುಲಿನ ಕಥೆ ಅಂದ್ರೆ ಹಗ್ಗದ ಕಥೆಯೇ.

ಹಳೇ ಉರುಲುಗಳು ನಾರಿನವು, ಬಳ್ಳಿಯವು. ಹುದಿಕೇರಿ ಬ್ರಹ್ಮಗಿರಿ ಬೆಟ್ಟಸಾಲಿನ ಕಡೆಯ ಊರು. ಜೂನಿನಿಂದ ಸೆಪ್ಟೆಂಬರ್ ತನಕ ಅಲ್ಲಿ ಸುರಿಯೋ ಮಳೆಯಲ್ಲಿ ನಾರು ಎಷ್ಟು ದಿನ ತಾಳೀತು ಹೇಳಿ? ನೆನೆದು, ಬೂಷ್ಟು ಹಿಡಿದು, ಗೆದ್ದಲಿಗೆ ಆಹಾರ ಆಗುತ್ತೆ. ಇಟ್ಟವನು ಮರೆತರೂ ಮಳೆಗಾಲ ಮರೆಯುತ್ತಿರಲಿಲ್ಲ, ಉರುಲನ್ನ ಅದೇ ಬಿಚ್ಚುತ್ತಿತ್ತು.

1834ರಲ್ಲಿ ಎರಡು ಘಟನೆ ನಡೆದವು. ಇತ್ತ ಚಿಕ್ಕವೀರರಾಜೇಂದ್ರನನ್ನ ಕೆಳಗಿಳಿಸಿ ಬ್ರಿಟಿಷರು ಕೊಡಗನ್ನ ವಶಪಡಿಸಿಕೊಂಡರು. ಅತ್ತ ಜರ್ಮನಿಯ ಹಾರ್ಜ್ ಗಣಿಗಳಲ್ಲಿ ವಿಲ್‌ಹೆಲ್ಮ್ ಆಲ್ಬರ್ಟ್ ಎಂಬಾತ ಕಬ್ಬಿಣದ ತಂತಿಗಳನ್ನ ಹೊಸೆದು ಹಗ್ಗ ಮಾಡಿದ. ಗಣಿಯ ತೇವದಲ್ಲಿ ನಾರಿನ ಹಗ್ಗ ಕೊಳೆತು ಹರಿಯುತ್ತಿದ್ದ ಸಮಸ್ಯೆಗೆ ಅದು ಉತ್ತರ. 1896ರಲ್ಲಿ ಇಂಗ್ಲೆಂಡಿನ ಬೌಡನ್ ಕೇಬಲ್‌ಗೆ ಪೇಟೆಂಟ್ ಸಿಕ್ಕಿತು. ಅದೇ ಮುಂದೆ ಸೈಕಲ್ಲಿನ ಬ್ರೇಕ್ ವೈರು, ಬೈಕಿನ ಕ್ಲಚ್ ವೈರು ಆಯ್ತು. ಈಗ ಕಾಡಂಚಿನ ಉರುಲುಗಳಲ್ಲಿ ಸಿಗೋದು ಹೆಚ್ಚಾಗಿ ಇವೇ.

ಪಕ್ಕದ ಕಾಕನಕೋಟೆಯ ಖೆಡ್ಡಾ ನೆನಪಿಸಿಕೊಳ್ಳಿ. 1971ರಲ್ಲಿ ಕೊನೆಯದು ನಡೆಯಿತು. ಅಲ್ಲಿ ಆನೆ ಕಾಲಿಗೆ ಬಿಗಿಯುತ್ತಿದ್ದದ್ದು ದಪ್ಪ ಹಗ್ಗ. ಆನೆ ಜೀವಂತ ಬೇಕಿತ್ತು, ಗಾಯ ಕೀವಾದರೆ ನಷ್ಟ. ಬ್ರೇಕ್ ವೈರಿನ ದಪ್ಪ ಎರಡು ಮಿಲಿಮೀಟರ್ ಆಸುಪಾಸು. ಅಷ್ಟೂ ಎಳೆತ ಆ ಸಣ್ಣ ಗೆರೆಯ ಮೇಲೇ ಬಿದ್ದು ಚರ್ಮ, ಮಾಂಸ ಎಲ್ಲ ಕೊಯ್ಯುತ್ತೆ.

ಕಾಫಿ ತೋಟದವರ, ಗದ್ದೆಯವರ ಕಷ್ಟ ಸುಳ್ಳಲ್ಲ. ಕಾಡುಹಂದಿ ಒಂದು ರಾತ್ರಿಯಲ್ಲಿ ಬೆಳೆ ಹಾಳು ಮಾಡುತ್ತೆ. ಆದ್ರೆ ಹಂದಿಗೆ ಇಟ್ಟ ತಂತಿಗೆ ಹಂದಿ ಯಾವುದು, ಚಿರತೆ ಯಾವುದು ಅಂತ ಗೊತ್ತಾಗಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಉರುಲು ಹಾಕೋದೂ ಬೇಟೆಯೇ. ಆದರೂ 2009ರಿಂದ 2020ರವರೆಗೆ ಕರ್ನಾಟಕದಲ್ಲಿ ಚಿರತೆಗಳು ಉರುಲಿಗೆ ಸಿಕ್ಕ 113 ಪ್ರಕರಣಗಳನ್ನ ಸಂಶೋಧಕರು ದಾಖಲಿಸಿದ್ದಾರೆ. ಅದರಲ್ಲಿ 67 ಚಿರತೆಗಳು ಸತ್ತವು.

ನಾವು ಇಂಜಿನಿಯರುಗಳು ಬಾಳಿಕೆ ಬರೋದನ್ನೆಲ್ಲ ಒಳ್ಳೇದು ಅಂದ್ಕೋತೀವಿ. ಉರುಲಿನ ವಿಷಯದಲ್ಲಿ ಲೆಕ್ಕ ಉಲ್ಟಾ. ನಾರಿಗೆ ಒಂದು ಆಯುಷ್ಯ ಇತ್ತು, ತಂತಿ ಮಾತ್ರ ಇಟ್ಟವನು ಊರು ಬಿಟ್ಟ ಮೇಲೂ ಕಾಯುತ್ತಾ ಕೂತಿರುತ್ತೆ. ಮಳೆ ಮಾಡುತ್ತಿದ್ದ ಕೆಲಸ ಈಗ ಮನುಷ್ಯರ ಪಾಲಿಗೆ ಬಂದಿದೆ. ತೋಟದ ಬೇಲಿಗುಂಟ ನಡೆಯುವಾಗ ಅಂಥ ತಂತಿ ಕಂಡರೆ ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಿ.

ನಿಮ್ಮ ಕಡೆ ಹಳಬರು ಉರುಲಿಗೆ ಯಾವ ನಾರು ಬಳಸ್ತಿದ್ರು? ಗೊತ್ತಿದ್ದರೆ ಖಂಡಿತ ತಿಳಿಸಿ.